ಮನೆಯವರಿಲ್ಲದ ಹೋಂಸ್ಟೇ

ಹೋಂಸ್ಟೇ ನಿಯಮಗಳ ಪಟ್ಟಿಯಲ್ಲಿ ಷರತ್ತುಗಳು ಹತ್ತಾರಿದ್ದರೂ ತಿರುಳು ಒಂದೇ. ಬಾಡಿಗೆಗೆ ಕೊಡುವ ಮನೆಯಲ್ಲಿ ಮಾಲೀಕರ ಕುಟುಂಬ ವಾಸವಿರಬೇಕು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಂತೂ ಇದನ್ನು ಬಿಡಿಸಿಯೇ ಹೇಳುತ್ತದೆ: ಒಂದರಿಂದ ಆರು ಕೋಣೆ, ಹೆಚ್ಚೆಂದರೆ 12 ಹಾಸಿಗೆ, ಮನೆಯವರು ಅಲ್ಲೇ ಇರಬೇಕು. ಅದು ಮನೆ ಎಂಬ ಕಾರಣಕ್ಕೇ ಹೋಟೆಲಿಗೆ ಹೇರುವ ಹೊರೆಯನ್ನೆಲ್ಲ ಅದರ ಮೇಲೆ ಹೇರುವುದಿಲ್ಲ. ಮನೆಯವರೇ ಇಲ್ಲದ ಮೇಲೆ ಆ ರಿಯಾಯಿತಿ ಯಾರಿಗೆ?

ಮಡಿಕೇರಿ, ಸಕಲೇಶಪುರ, ಮೂಡಿಗೆರೆ ಸುತ್ತ ಯಾವುದಾದರೂ ಎಸ್ಟೇಟ್ ರಸ್ತೆಯಲ್ಲಿ ಒಂದು ಸಂಜೆ ಓಡಾಡಿ ನೋಡಿ. ಗೇಟಿನಲ್ಲಿ ಹೋಂಸ್ಟೇ ಎಂಬ ಬೋರ್ಡು. ಒಳಗೆ ಹೋದರೆ ಹೊರರಾಜ್ಯದಿಂದ ದುಡಿಯಲು ಬಂದ ಒಬ್ಬ ಹುಡುಗ ಬರುತ್ತಾನೆ. ಕೀ ಅವನ ಬಳಿ, ನೀರಿನ ಮೋಟರಿನ ಸ್ವಿಚ್ಚು ಅವನ ಬಳಿ. ಯಜಮಾನರೆಲ್ಲಿ ಎಂದು ಕೇಳಿದರೆ ‘ಓನರ್ ಬೆಂಗಳೂರಲ್ಲಿದಾರೆ ಸಾರ್, ಫೋನ್ ಮಾಡಿ’ ಎನ್ನುತ್ತಾನೆ. ಎಷ್ಟೋ ಕಡೆ ಆ ಓನರ್ ಕೂಡ ಓನರ್ ಅಲ್ಲ, ತೋಟದವರಿಂದ ಲೀಸಿಗೆ ಹಿಡಿದವರು. ಒಂದು ಕಾಲಕ್ಕೆ ಕೂಲಿಯವರಿದ್ದ ಲೈನ್ ಮನೆಗಳಿಗೆ ಸುಣ್ಣ ಬಳಿದು, ಮುಂದೆ ನಾಲ್ಕು ಬೆತ್ತದ ಕುರ್ಚಿ ಹಾಕಿ, ‘ಹೆರಿಟೇಜ್ ಕಾಟೇಜ್’ ಎಂದು ಹೆಸರಿಟ್ಟದ್ದೂ ಉಂಟು. ಕೂಲಿಯವರು ಎಲ್ಲಿಗೆ ಹೋದರೆಂದು ಕೇಳುವವರಿಲ್ಲ. ಅದು ಇನ್ನೊಂದು ಅಂಕಣಕ್ಕಾಗುವ ಮಾತು.

ಹೋಂಸ್ಟೇ ಹುಟ್ಟಿದ್ದು ಹೀಗಲ್ಲ. ಈ ಶತಮಾನದ ಆರಂಭದಲ್ಲಿ ಜಗತ್ತಿನಾದ್ಯಂತ ಕಾಫಿ ಬೆಲೆ ನೆಲ ಕಚ್ಚಿದಾಗ ಕೊಡಗು, ಚಿಕ್ಕಮಗಳೂರಿನ ಸಣ್ಣ ಬೆಳೆಗಾರರಿಗೆ ಕೊಯ್ಲಿನ ಕೂಲಿಯೂ ಹುಟ್ಟದ ಸ್ಥಿತಿ ಬಂತು. ಮಕ್ಕಳು ಓದಿಗೆ, ನೌಕರಿಗೆ ಪೇಟೆ ಸೇರಿ ಖಾಲಿಯಾಗಿದ್ದ ಎರಡು ಕೋಣೆಯನ್ನು ಅತಿಥಿಗಳಿಗೆ ಕೊಡೋಣ ಎಂದು ಮುಂದಾದವರಲ್ಲಿ ಮನೆಯ ಹೆಂಗಸರು ಬಹಳ. ಬೆಳಿಗ್ಗೆ ನೂಪುಟ್ಟು, ರಾತ್ರಿ ಕಡಂಬುಟ್ಟು, ಪಂದಿ ಕರಿ. ಮಧ್ಯೆ ಯಜಮಾನರೇ ತೋಟ ಸುತ್ತಿಸಿ, ಅರೇಬಿಕಾ ಯಾವುದು ರೊಬಸ್ಟಾ ಯಾವುದು ಎಂದು ತೋರಿಸುವುದು. ಬಂದವರ ಹೆಸರು ಉದ್ದನೆಯ ನೋಟ್ ಪುಸ್ತಕದಲ್ಲಿ. ರಾತ್ರಿ ಹತ್ತಕ್ಕೆ ಮನೆಯವರು ಮಲಗುತ್ತಾರೆ, ಆದ್ದರಿಂದ ಅತಿಥಿಗಳೂ ದನಿ ತಗ್ಗಿಸುತ್ತಾರೆ. ಅಂಥ ಮನೆಗೆ ನಿಯಮಾವಳಿ ಬೇಕಾಗುವುದೇ ಅಪರೂಪ, ಯಾಕೆಂದರೆ ಒಲೆ ಮುಂದೆ ನಿಂತ ಆ ಹೆಂಗಸೇ ಅಲ್ಲಿ ಅಧಿಕಾರಿ.

ಅವರು ಇಲ್ಲದ ಕಡೆ ಏನಾಗುತ್ತದೆ? ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಆದರೆ ಪಕ್ಕದ ತೋಟದ ಅಜ್ಜ ದೂರಬೇಕಾದದ್ದು ಕೀ ಹಿಡಿದ ಹುಡುಗನಿಗೆ. ಹತ್ತು ಜನ ಕುಡಿದ ಗಿರಾಕಿಗಳಿಗೆ ಆ ಹುಡುಗ ಏನು ಹೇಳಿಯಾನು? ಪಾಯಿಖಾನೆಯ ನೀರು ತೋಡಿಗೆ, ಪ್ಲಾಸ್ಟಿಕ್ ಬಾಟಲಿ ಕಾಫಿ ಗಿಡದ ಬುಡಕ್ಕೆ. ಇದಕ್ಕಿಂತ ಗಂಭೀರವಾದದ್ದು ಬಚ್ಚಲುಮನೆ. ಗಾಳಿಯಾಡದ ಕಡೆ ಗ್ಯಾಸ್ ಗೀಸರ್ ಹಾಕಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಸತ್ತ ಘಟನೆಗಳು ನಮ್ಮ ರಾಜ್ಯದಲ್ಲಿ ಆಗಿವೆ. ನಿತ್ಯ ಅದೇ ಬಚ್ಚಲಲ್ಲಿ ಮೀಯುವ ಮನೆಯವರಾದರೆ ವೆಂಟಿಲೇಟರ್ ಮುಚ್ಚಿರುವುದು ಅವರ ಕಣ್ಣಿಗೆ ಬೀಳುತ್ತದೆ. ನೋಡುವವರಿಲ್ಲದ ಈಜುಕೊಳದ್ದೂ ಇದೇ ಕತೆ. 2024ರ ನವೆಂಬರ್‌ನಲ್ಲಿ ಮಂಗಳೂರು ಬಳಿಯ ಸೋಮೇಶ್ವರ ಉಚ್ಚಿಲದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಸತ್ತರು. ಅಲ್ಲಿಗೆ ಬೀಗ ಬಿದ್ದದ್ದು ಆಮೇಲೆ.

ನಮ್ಮಲ್ಲಿ ನಿಯಮ ಎಚ್ಚರಗೊಳ್ಳುವುದೇ ಹೀಗೆ, ಹೆಣ ಬಿದ್ದ ಮೇಲೆ, ಇಲ್ಲವೇ ಎಲ್ಲ ಕಟ್ಟಿ ಮುಗಿದ ಮೇಲೆ. ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆಯನ್ನೇ ನೋಡಿ. ಅದು ಸಂರಕ್ಷಿತ ಪ್ರದೇಶವೆಂದು 1988ರಲ್ಲೇ ಅಧಿಸೂಚನೆ ಹೊರಟಿತ್ತು. ಅದರ ನಡುವೆಯೇ ಗುಡಿಸಲು ಎದ್ದವು, ಗುಡಿಸಲು ಗೆಸ್ಟ್‌ಹೌಸ್ ಆಯಿತು, ವಿದೇಶಿಯರು ತಿಂಗಳುಗಟ್ಟಲೆ ಉಳಿದರು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚ್‌ನಲ್ಲಿ ಜೆಸಿಬಿ ಬಂತು. ಕಟ್ಟಡ ಅಕ್ರಮವೇ, ತೀರ್ಪಿನ ಬಗ್ಗೆ ತಕರಾರಿಲ್ಲ. ಆದರೆ ಮೊದಲ ಗುಡಿಸಲಿಗೆ ಗುಂಡಿ ತೋಡಿದ ದಿನ ಯಾರಾದರೂ ಬಂದು ಕೂಡದು ಎಂದಿದ್ದರೆ, ಮುಂದೆ ಅಷ್ಟು ಮಂದಿ ಸಾಲ ಮಾಡಿ ಕಟ್ಟುತ್ತಿರಲಿಲ್ಲ. 2025ರ ಮಾರ್ಚ್‌ನಲ್ಲಿ ಅದೇ ಸೀಮೆಯ ಸಣಾಪುರದಲ್ಲಿ, ರಾತ್ರಿ ಹೋಂಸ್ಟೇಯೊಂದರಿಂದ ಹೊರಟು ಕಾಲುವೆ ದಂಡೆಯಲ್ಲಿ ಕುಳಿತಿದ್ದವರ ಮೇಲೆ ಭೀಕರ ದಾಳಿ ನಡೆಯಿತು. ಪ್ರವಾಸಿಯೊಬ್ಬ ಪ್ರಾಣ ಕಳೆದುಕೊಂಡ. ಕೂಡಲೇ ಎಲ್ಲರ ಕಣ್ಣು ಹೋಂಸ್ಟೇಗಳ ಮೇಲೆ. ದೀಪವಿಲ್ಲದ ದಂಡೆ, ಗಸ್ತಿಲ್ಲದ ರಸ್ತೆ ಇವುಗಳ ಲೆಕ್ಕ ಕೇಳುವುದು ಕಷ್ಟ. ಹೋಂಸ್ಟೇಯವರ ಕಾಗದ ಕೇಳುವುದು ಸುಲಭ.

ನಿಯಂತ್ರಣದ ಮಾತು ಬಂದಾಗ ನೈತಿಕ ಪೊಲೀಸ್‌ಗಿರಿಯ ಗುಂಪೂ ಮುಂದೆ ಬರುತ್ತದೆ. 2012ರ ಜುಲೈನಲ್ಲಿ ಮಂಗಳೂರಿನ ಪಡೀಲಿನ ಹೋಂಸ್ಟೇಗೆ ನುಗ್ಗಿ, ಹುಟ್ಟುಹಬ್ಬ ಆಚರಿಸುತ್ತಿದ್ದ ಹುಡುಗ ಹುಡುಗಿಯರನ್ನು ಹೊಡೆದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ವಿಚಾರಣೆ ಎಳೆದು ಎಳೆದು 2024ರಲ್ಲಿ ಆರೋಪಿಗಳು ಖುಲಾಸೆಯಾದರು. ಆ ದಾಳಿಗೆ ಕೊಟ್ಟ ಸಮರ್ಥನೆಗಳಲ್ಲೂ ‘ಹೋಂಸ್ಟೇಗಳಿಗೆ ಲಂಗುಲಗಾಮಿಲ್ಲ’ ಎಂಬ ಮಾತಿತ್ತು. ಹಾಗಾಗಿ ಒಂದನ್ನು ಒತ್ತಿ ಹೇಳಬೇಕು. ಅತಿಥಿಯ ಗುರುತಿನ ಚೀಟಿ ನೋಡುವುದು ನಿಯಮ, ಮದುವೆ ಫೋಟೊ ಕೇಳುವುದು ನಿಯಮವಲ್ಲ. ಮದುವೆಯಾಗದ ಇಬ್ಬರು ವಯಸ್ಕರು ಒಂದು ಕೋಣೆಯಲ್ಲಿ ಉಳಿಯಬಾರದೆನ್ನುವ ಕಾನೂನಿಲ್ಲ ಎಂದು ಮದ್ರಾಸ್ ಹೈಕೋರ್ಟ್ 2019ರಲ್ಲಿ ಹೇಳಿದೆ. ಗೀಸರ್ ನೋಡಬೇಕಾದವರು ಹಾಸಿಗೆ ಇಣುಕುತ್ತಾ ಕೂತರೆ ಗೀಸರ್ ಯಾರು ನೋಡುವುದು?

ಪ್ರಾಮಾಣಿಕವಾಗಿ ನಡೆಸುವವರ ಪಾಡು ಬೇರೆ. ಪಂಚಾಯಿತಿಯಿಂದ ಎನ್‌ಒಸಿ, ಠಾಣೆಯಿಂದ ಪರಿಶೀಲನೆ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರ ತುಂಬಿ ಆನ್‌ಲೈನಿನಲ್ಲಿ ಕಳಿಸಬೇಕು, ಮಳೆಗಾಲದಲ್ಲಿ ನೆಟ್‌ವರ್ಕ್ ಇದ್ದರೆ. ಕರೆಂಟಿನವರು ಮೀಟರು ಮನೆಯದೋ ವ್ಯಾಪಾರದ್ದೋ ಎಂದು ಕೇಳುತ್ತಾರೆ. ಇಷ್ಟೆಲ್ಲ ಮಾಡಿದ ಎರಡು ಕೋಣೆಯ ಮನೆಯೂ, ಏನೂ ಮಾಡದ ಹನ್ನೆರಡು ಕೋಣೆಯ ‘ಹೋಂಸ್ಟೇ’ಯೂ ಬುಕಿಂಗ್ ಆ್ಯಪಿನಲ್ಲಿ ಅಕ್ಕಪಕ್ಕ ಕೂರುತ್ತವೆ. ದರ ಮಾತ್ರ ಎರಡನೆಯದ್ದು ಕಡಿಮೆ. ನಿಯಮ ಪಾಲಿಸಿದವರಿಗೇ ದಂಡ ಬಿದ್ದಂತೆ.

ಮನೆ ಹೆಸರಿನ ಬಾಡಿಗೆ ವ್ಯಾಪಾರವನ್ನು ಬೇರೆ ಊರುಗಳೂ ಕಂಡಿವೆ, ಅವುಗಳ ಸಮಸ್ಯೆ ನಮ್ಮದಕ್ಕಿಂತ ಬೇರೆಯಾಗಿದ್ದರೂ. ಬಾರ್ಸಿಲೋನಾದಲ್ಲಿ ಊರವರಿಗೇ ಬಾಡಿಗೆ ಮನೆ ಸಿಗದಂತಾಗಿ, ಪ್ರವಾಸಿ ಫ್ಲ್ಯಾಟುಗಳ ಹತ್ತು ಸಾವಿರಕ್ಕೂ ಹೆಚ್ಚು ಪರವಾನಗಿಗಳನ್ನು 2028ರ ನಂತರ ನವೀಕರಿಸುವುದಿಲ್ಲ ಎಂದು ಅಲ್ಲಿನ ಮೇಯರ್ 2024ರಲ್ಲಿ ಘೋಷಿಸಿದರು. ಆಮ್‌ಸ್ಟರ್‌ಡ್ಯಾಮ್ ವರ್ಷಕ್ಕೆ 30 ರಾತ್ರಿಯ ಮಿತಿ ಹಾಕಿತು. ಮೂಡಿಗೆರೆಗೆ ಇದ್ಯಾವುದೂ ಬೇಡ. ನಮಗೆ ಕಲಿಯಲು ಇರುವುದು ನ್ಯೂಯಾರ್ಕಿನಲ್ಲಿ. ಅಲ್ಲಿ 2023ರ ಸೆಪ್ಟೆಂಬರಿನಿಂದ ಜಾರಿಯಾದ 18ನೇ ಸ್ಥಳೀಯ ಕಾನೂನಿನ ಪ್ರಕಾರ 30 ದಿನಕ್ಕಿಂತ ಕಡಿಮೆ ಅವಧಿಗೆ ಬಾಡಿಗೆ ಕೊಡುವವರು ನಗರಾಡಳಿತದಲ್ಲಿ ನೋಂದಾಯಿಸಬೇಕು, ಅತಿಥಿಗಳಿರುವಾಗ ಮನೆಯಲ್ಲೇ ಇರಬೇಕು, ಇಬ್ಬರಿಗಿಂತ ಹೆಚ್ಚು ಜನರನ್ನು ಇರಿಸಿಕೊಳ್ಳಬಾರದು. ಇದು ವಿಪರೀತ ಬಿಗಿ ಎಂಬ ದೂರು ಅಲ್ಲೇ ಇದೆ, ನನಗೂ ಹಾಗೇ ಅನ್ನಿಸುತ್ತದೆ. ಜಾಣತನ ಇರುವುದು ಬೇರೆ ಕಡೆ: ನೋಂದಣಿ ತಾಳೆಯಾಗದ ಮನೆಗೆ ಆ್ಯಪ್‌ನವರು ಬುಕಿಂಗ್ ಹಣ ಪಡೆಯುವಂತಿಲ್ಲ. ಇನ್‌ಸ್ಪೆಕ್ಟರು ಮನೆಮನೆ ಅಲೆಯುವ ಅಗತ್ಯವೇ ತಗ್ಗಿತು. ಅಕ್ರಮಕ್ಕೆ ದುಡ್ಡು ಬರುವ ದಾರಿಯೇ ಮುಚ್ಚಿತು.

ನಮ್ಮಲ್ಲಿ ಇದು ಆಗದ ಕೆಲಸವೇನಲ್ಲ. ಜಿಎಸ್‌ಟಿಯಲ್ಲಿ ಈಗಾಗಲೇ ಇಂಥದೊಂದು ವ್ಯವಸ್ಥೆ ಇದೆ. ವರ್ಷಕ್ಕೆ 20 ಲಕ್ಷ ರೂಪಾಯಿಯೊಳಗೆ ವಹಿವಾಟಿರುವ, ಜಿಎಸ್‌ಟಿ ನೋಂದಣಿ ಬೇಕಿಲ್ಲದ ಸಣ್ಣ ಮಾಲೀಕರ ಕೋಣೆ ಆ್ಯಪ್ ಮೂಲಕ ಹೋದರೆ ತೆರಿಗೆ ಕಟ್ಟುವ ಹೊಣೆ ಕಾಯ್ದೆಯ 9(5)ನೇ ಕಲಂ ಪ್ರಕಾರ ಆ್ಯಪ್‌ನವರದ್ದು. ಅಂದರೆ ಸರ್ಕಾರಕ್ಕೆ ತನ್ನ ಪಾಲು ಬರಬೇಕಾದಾಗ ಆ್ಯಪ್‌ ಅನ್ನು ಹೊಣೆ ಮಾಡಲು ಗೊತ್ತಿದೆ. ಅತಿಥಿಯ ಜೀವದ ವಿಷಯದಲ್ಲಿ ಮಾತ್ರ ಆ ಆ್ಯಪ್ ‘ಬರೀ ಮಧ್ಯವರ್ತಿ’. ನೋಂದಣಿ ಸಂಖ್ಯೆ ತುಂಬದೆ ಮನೆಯ ಫೋಟೊ ಏರಿಸಲಾಗದಂತೆ ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಉಳಿದರ್ಧ ಪಂಚಾಯಿತಿಯದು. ಆ ಮನೆಯಲ್ಲಿ ಸಂಸಾರ ಇದೆಯೋ ಇಲ್ಲವೋ ಎಂಬುದು ಜಿಲ್ಲಾ ಕೇಂದ್ರದ ಕಚೇರಿಗೆ ಗೊತ್ತಾಗುವುದಿಲ್ಲ. ವಾಟರ್‌ಮ್ಯಾನ್‌ಗೆ ಗೊತ್ತು, ಆಶಾ ಕಾರ್ಯಕರ್ತೆಗೆ ಗೊತ್ತು, ವೋಟರ್ ಲಿಸ್ಟ್ ಹಿಡಿದು ಬರುವ ಮೇಷ್ಟ್ರಿಗೆ ಗೊತ್ತು. ಪಂಚಾಯಿತಿ ಎನ್‌ಒಸಿಯನ್ನು ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವ ಬದಲು ಪ್ರತಿ ವರ್ಷ ನವೀಕರಿಸಲಿ. ಪಿಡಿಒ ಬಂದು ಅಡುಗೆಮನೆ, ಬಚ್ಚಲಿನ ಕಿಟಕಿ, ಕಸದ ಗುಂಡಿ ಮೂರನ್ನು ನೋಡಿ ಸಹಿ ಹಾಕಲಿ, ಶುಲ್ಕದಲ್ಲಿ ಪಾಲು ಪಂಚಾಯಿತಿಗೇ ಉಳಿಯಲಿ. ಲಂಚಕ್ಕೆ ಇನ್ನೊಂದು ಬಾಗಿಲು ತೆರೆದಂತಾಗುವುದಿಲ್ಲವೇ ಎಂದು ಕೇಳುವಿರಿ. ಆದೀತು. ಆದರೆ ಸಹಿ ಹಾಕಿದವರ ಹೆಸರು, ನೋಡಿದ ದಿನಾಂಕ ಆ್ಯಪಿನಲ್ಲಿ ಆ ಮನೆಯ ಫೋಟೊ ಕೆಳಗೇ ಇದ್ದರೆ ಸುಳ್ಳು ಸಹಿಗೆ ಕೈ ಸ್ವಲ್ಪ ನಡುಗುತ್ತದೆ. ಇನ್ನು, ಮನೆಯವರಿಲ್ಲದೆ ನಡೆಸಬೇಕೆನ್ನುವವರು ಧಾರಾಳವಾಗಿ ನಡೆಸಲಿ. ಲಾಡ್ಜಿನ ಲೈಸೆನ್ಸ್ ತೆಗೆದುಕೊಂಡು, ಲಾಡ್ಜಿನ ದರದಲ್ಲಿ ಕರೆಂಟು ಬಿಲ್ಲು ಕಟ್ಟಿ, ಗೇಟಿನಲ್ಲಿ ಲಾಡ್ಜ್ ಎಂದೇ ಬರೆಸಲಿ.