ಮೊದಲ ಅಸೈನ್‌ಮೆಂಟ್ ಯಾವುದಿರಬೇಕು?

ಆಪರೇಟಿಂಗ್ ಸಿಸ್ಟಮ್ ಕಲಿಯಲು ಬಂದವರಿಗೆ ಮೊದಲು ಯಾವ ಪ್ರೋಗ್ರಾಮ್ ಬರೆಸಬೇಕು? ನಮ್ಮ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಲ್ಯಾಬುಗಳ ಬಹುಕಾಲದ ರೂಢಿ ಎಲ್ಲರಿಗೂ ಗೊತ್ತು: ರೌಂಡ್ ರಾಬಿನ್ ಶೆಡ್ಯೂಲಿಂಗ್, ಬ್ಯಾಂಕರ್ಸ್ ಅಲ್ಗಾರಿದಮ್‌ಗಳನ್ನು ಸಿ ಭಾಷೆಯಲ್ಲಿ ಅನುಕರಿಸುವುದು. ರೌಂಡ್ ರಾಬಿನ್‌ಗೆ ಅಂಕಿ ಊಡಿಸಿದರೆ ಕಾಯುವ ಸಮಯದ ಸರಾಸರಿ ಬರುತ್ತದೆ. ನಿಜವಾದ ಒಂದು ಪ್ರೊಸೆಸ್ಸೂ ಹುಟ್ಟುವುದಿಲ್ಲ, ಸಾಯುವುದಿಲ್ಲ. ದಡದಲ್ಲೇ ಕೂತು ಈಜು ಕಲಿತ ಹಾಗೆ. ಅಮೆರಿಕದ ಎಂಐಟಿಯವರು 2006ರಲ್ಲಿ ಪಾಠಕ್ಕೆಂದೇ ಎಕ್ಸ್‌ವಿ6 ಕಟ್ಟಿಕೊಂಡರು. ಯುನಿಕ್ಸಿನ ಆರನೇ ಆವೃತ್ತಿಯ ಮಾದರಿಯ ಪುಟ್ಟ ವ್ಯವಸ್ಥೆ ಅದು. ಕೆಲವು ವರ್ಷಗಳ ಕಾಲ ಅವರು ಕೊಡುತ್ತಿದ್ದ ಮೊದಲ ಲ್ಯಾಬಿನಲ್ಲಿ ಕರ್ನಲ್‌ನ ಒಳಗೆ ಕೈಹಾಕುವ ಅವಸರವಿರಲಿಲ್ಲ. ಸ್ಲೀಪ್ ಎಂಬ ನಾಲ್ಕಾರು ಸಾಲಿನ ಪ್ರೋಗ್ರಾಮ್, ಬಳಿಕ ಎರಡು ಪ್ರೊಸೆಸ್‌ಗಳ ನಡುವೆ ಪೈಪಿನಲ್ಲಿ ಒಂದೇ ಒಂದು ಬೈಟ್‌ನ ವಿನಿಮಯ, ಆಮೇಲೆ ಅವಿಭಾಜ್ಯ ಸಂಖ್ಯೆಗಳನ್ನು ಸೋಸುವ ಪೈಪುಗಳ ಸರಪಳಿ. ಪೈಪಿನ ಬರೆಯುವ ತುದಿಯನ್ನು ಮುಚ್ಚದೆ ಬಿಟ್ಟರೆ, ಓದುವ ಪ್ರೊಸೆಸ್ ಇನ್ನೂ ಏನೋ ಬರಲಿದೆಯೆಂದು ಕಾಯುತ್ತಲೇ ಇರುತ್ತದೆ. ವಿದ್ಯಾರ್ಥಿ ತಲೆ ಕೆರೆದುಕೊಂಡು ಕಾರಣ ಹುಡುಕಲೇಬೇಕು. ಆಯ್ಕೆಯ ಅಳತೆಗೋಲು ಇದೇ ಆಗಲಿ: ಕೋಡ್ ಚಿಕ್ಕದಿರಲಿ, ಯಂತ್ರ ನಿಜವಾಗಿ ಸ್ಪಂದಿಸಲಿ, ತಪ್ಪಿದರೆ ತಕ್ಷಣ ಗೊತ್ತಾಗಲಿ. ಇದಾದ ಮೇಲೆ ಒಂದು ಪುಟ್ಟ ಶೆಲ್ ಬರೆಸಿ, ಶೆಡ್ಯೂಲಿಂಗ್ ಲೆಕ್ಕಕ್ಕೆ ಬಂದರೂ ತಡವೇನಿಲ್ಲ. ಆಗ ಆ ಲೆಕ್ಕ ಯಾವುದರದ್ದೆಂದು ವಿದ್ಯಾರ್ಥಿಗೆ ತಿಳಿದಿರುತ್ತದೆ.