ಸಂಬಳ ಎಷ್ಟು ಅಂತ ಕೇಳಿದ್ದೀಯ, ಮಲಗುವುದೆಲ್ಲಿ ಅಂತ ಕೇಳಿದ್ದೀಯಾ?

ಕಳೆದ ತಿಂಗಳು ಗೋಕರ್ಣ ರೋಡ್ ಸ್ಟೇಷನ್ನಿನಿಂದ ಪೇಟೆಗೆ ಬರುವಾಗ ರಿಕ್ಷಾ ಓಡಿಸುತ್ತಿದ್ದ ಹುಡುಗ ಮೊಬೈಲ್ ತೋರಿಸಿದ. ಪರಿಚಯದವನೇ, ಬಂಕಿಕೊಡ್ಲದ ಕಡೆಯವನು. ಫೋಟೊದಲ್ಲಿ ಕಲ್ಲು ಹಾಸಿದ ಏರು ಬೀದಿ, ಹಳದಿ ಟ್ರಾಮು, ಅದರ ಪಕ್ಕ ಥೇಟ್ ನಮ್ಮದೇ ಮೂರು ಚಕ್ರದ ರಿಕ್ಷಾ. ಒಳಗೆ ಟೋಪಿ ಹಾಕಿದ ಪ್ರವಾಸಿಗರು.

"ನೋಡಿ ಅಣ್ಣ, ಲಿಸ್ಬನ್. ಅಲ್ಲೂ ರಿಕ್ಷಾ ಉಂಟು. ಟುಕ್‌ಟುಕ್ ಅಂತಾರೆ, ಅಷ್ಟೆ."

ಏಜೆಂಟ್ ಆರು ಲಕ್ಷ ಕೇಳಿದ್ದಾನೆ. ಮೊದಲು ವಿಸಿಟ್ ವೀಸಾದಲ್ಲಿ ಹೋಗುವುದು, ಅಲ್ಲಿ ಕೆಲಸ ಹಿಡಿಯುವುದು, ಆಮೇಲೆ ಪೇಪರ್ ತಾನಾಗಿ ಆಗುತ್ತದೆ ಅಂತ ಮಾತು. ಒಂದೂವರೆ ಲಕ್ಷ ಮುಂಗಡ. ಅದಕ್ಕೆ ಅವ್ವನ ಬಂಗಾರ ಸೊಸೈಟಿಯಲ್ಲಿ ಅಡವಿಡುವ ಯೋಚನೆ ನಡೆದಿದೆ.

ಹೋಗಬೇಡ ಎನ್ನುವವನು ನಾನಲ್ಲ. ನಮ್ಮ ಜಿಲ್ಲೆಯಲ್ಲಿ ಯಾರು ಹೋಗಿಲ್ಲ? ಭಟ್ಕಳದ ಅರ್ಧ ಪೇಟೆ ದುಬೈ ದುಡ್ಡಿನಲ್ಲಿ ಎದ್ದದ್ದು. ಕಾರವಾರದ ಕಡೆ ಕೆಲವರಿಗೆ ಅಜ್ಜ 1961ಕ್ಕಿಂತ ಮೊದಲು ಗೋವಾದಲ್ಲಿ ಹುಟ್ಟಿದ ಪುಣ್ಯಕ್ಕೆ ಪೋರ್ಚುಗಲ್ ಪಾಸ್‌ಪೋರ್ಟೇ ಸಿಗುತ್ತದೆ. ಅವರ ಕತೆ ಬೇರೆ. ಈ ಹುಡುಗನಿಗೆ ಅಂಥ ಅಜ್ಜನಿಲ್ಲ. ಇವನು ಹೋಗುವುದು ಪ್ರವಾಸಿಗರಿಂದ ತುಂಬಿ ತುಳುಕುವ ಹಳೆಯ ನಗರಕ್ಕೆ, ಅವರ ಸೇವೆಗೆ. ಅಲ್ಲಿ ಸಂಬಳ ನಿಗದಿ ಮಾಡುವವರು ಒಬ್ಬರು, ಬಾಡಿಗೆ ನಿಗದಿ ಮಾಡುವವರು ಇನ್ನೊಬ್ಬರು. ಎರಡರ ನಡುವಿನ ಸಂದಿಯಲ್ಲಿ ಇವನು ಬದುಕಬೇಕು. ಏಜೆಂಟನ ಫೋಟೊದಲ್ಲಿ ಆ ಸಂದಿ ಕಾಣುವುದಿಲ್ಲ.

ಲೆಕ್ಕ ನೋಡಿ. ಪೋರ್ಚುಗಲ್ ಪಶ್ಚಿಮ ಯುರೋಪಿನಲ್ಲಿ ಕಡಿಮೆ ಸಂಬಳದ ದೇಶ. 2025ರಲ್ಲಿ ಅಲ್ಲಿನ ಕನಿಷ್ಠ ವೇತನ ತಿಂಗಳಿಗೆ 870 ಯೂರೋ. ಯೂರೋಗೆ ನೂರು ರೂಪಾಯಿಯಂತೆ ಹಿಡಿದರೂ 87 ಸಾವಿರ. ಹುಡುಗನ ಕಣ್ಣು ನಿಂತದ್ದು ಅಲ್ಲೇ. ಸಾಮಾಜಿಕ ಭದ್ರತೆಗೆ ಶೇ 11 ಕಡಿತವಾಗಿ ಕೈಗೆ ಬರುವುದು ಸುಮಾರು 774. ವರ್ಷಕ್ಕೆ ಹದಿನಾಲ್ಕು ಸಂಬಳ ಕೊಡುವ ಒಳ್ಳೆಯ ಪದ್ಧತಿ ಅಲ್ಲುಂಟು, ಅದನ್ನೂ ಹೇಳಬೇಕು. ಈಗ ಬಾಡಿಗೆ. ಲಿಸ್ಬನ್ ನಗರದಲ್ಲಿ ಹೊಸ ಬಾಡಿಗೆ ಕರಾರುಗಳ ದರ ಚದರ ಮೀಟರಿಗೆ 15 ಯೂರೋ ದಾಟಿ ಆಗಿದೆ. 50 ಚದರ ಮೀಟರಿನ ಪುಟ್ಟ ಮನೆಗೆ 750. ಉಳಿದ 24ರಲ್ಲಿ 40 ಯೂರೋದ ಬಸ್-ಮೆಟ್ರೋ ಪಾಸು ಬರುವುದಿಲ್ಲ. ಊಟ, ಊರಿಗೆ ಕಳಿಸುವ ದುಡ್ಡು, ಆರು ಲಕ್ಷದ ಬಡ್ಡಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಈ ಸಂದಿ ಬರೀ ಹೊರಗಿನವರದ್ದಲ್ಲ, ಲಿಸ್ಬನ್ನಿನವರದ್ದೂ ಹೌದು. 1981ರಲ್ಲಿ ನಗರದ ಜನಸಂಖ್ಯೆ 8 ಲಕ್ಷವಿತ್ತು, 2021ರ ಗಣತಿಯಲ್ಲಿ ಸುಮಾರು 5.45 ಲಕ್ಷಕ್ಕೆ ಇಳಿಯಿತು. 2012ರಲ್ಲಿ ಹಳೆಯ ಬಾಡಿಗೆದಾರರಿಗಿದ್ದ ರಕ್ಷಣೆ ಸಡಿಲಿಸಿದರು. 2014ರಲ್ಲಿ ಮನೆಗಳನ್ನು ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಡಲು ಸಲೀಸಾದ ಕಾನೂನು ಬಂತು. ಅಲ್ಫಾಮಾ, ಮೊರಾರಿಯಾದಂಥ ಹಳೆಯ ಕೇರಿಗಳಲ್ಲಿ ಅಜ್ಜಿಯರು ಬಟ್ಟೆ ಒಣಗಿಸುತ್ತಿದ್ದ ಬಾಲ್ಕನಿಗಳ ಹಿಂದೆ ಈಗ ಎಳೆಯುವ ಸೂಟ್‌ಕೇಸಿನವರು. ಹೊರಗಿನ ದುಡ್ಡಿಗೆ ಸರಕಾರವೇ ಕೆಂಪು ಹಾಸು ಹಾಸಿತ್ತು. ಮನೆ ಕೊಂಡರೆ ಸಿಗುತ್ತಿದ್ದ ಗೋಲ್ಡನ್ ವೀಸಾವನ್ನು 2023ರಲ್ಲಿ ನಿಲ್ಲಿಸಿದರು. ಆದರೆ 2022ರಲ್ಲಿ ತೆರೆದ 'ಡಿಜಿಟಲ್ ನೊಮ್ಯಾಡ್' ಬಾಗಿಲು ಹಾಗೇ ಇದೆ. ಲ್ಯಾಪ್‌ಟಾಪಿನಲ್ಲಿ ಬೇರೆ ದೇಶದ ಕಂಪನಿಗೆ ಕೆಲಸ ಮಾಡಿಕೊಂಡು, ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು ದುಡಿಯುವವರಿಗೆ ಅದು. ಅಂಥವರು ಬಾಡಿಗೆಗೆ ಚೌಕಾಸಿ ಮಾಡುವುದಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ಆ ಬಾಗಿಲಿನಿಂದ ಒಳಗೆ ಹೋಗಬಹುದು. ನಮ್ಮ ರಿಕ್ಷಾ ಹುಡುಗನಿಗೆ ಅದು ಕಿಟಕಿ ಮಾತ್ರ, ನೋಡಬಹುದು.

ಹಾಗಾದರೆ ನಮ್ಮಂಥವರು ಎಲ್ಲಿ ಮಲಗುತ್ತಾರೆ? ಒಂದು ಕೋಣೆಗೆ ಆರು, ಎಂಟು ಹಾಸಿಗೆ. ಕೆಲವು ಕಡೆ ಹಗಲು ಪಾಳಿಯವನು ಎದ್ದ ಮೇಲೆ ರಾತ್ರಿ ಪಾಳಿಯವನಿಗೆ ಅದೇ ಹಾಸಿಗೆ. 2023ರ ಫೆಬ್ರುವರಿಯಲ್ಲಿ ಮೊರಾರಿಯಾದ ಒಂದು ನೆಲಮಹಡಿಯ ಮನೆಗೆ ಬೆಂಕಿ ಬಿತ್ತು. ಒಳಗೆ ದಕ್ಷಿಣ ಏಷ್ಯಾದ ವಲಸಿಗರು ಕಿಕ್ಕಿರಿದಿದ್ದರು. ಇಬ್ಬರು ಸತ್ತರು. ಅವರಲ್ಲಿ ಒಬ್ಬ ಹದಿನಾಲ್ಕು ವರ್ಷದ ಹುಡುಗ.

ಹಾಸಿಗೆ ಅಂದರೆ ಬರೀ ಸುಖದ ಮಾತಲ್ಲ, ಕಾಗದದ ಮಾತೂ ಹೌದು. ವಾಸದ ಪರವಾನಗಿಗೆ ವಿಳಾಸದ ದಾಖಲೆ ಬೇಕು. ಹಾಸಿಗೆ ಲೆಕ್ಕದಲ್ಲಿ ಬಾಡಿಗೆ ವಸೂಲು ಮಾಡುವವನು ಕರಾರು ಪತ್ರ ಬರೆದುಕೊಡುತ್ತಾನೆಯೇ? ಕೊಡುವುದಿಲ್ಲ. ಕರಾರಿಲ್ಲದೆ ವಿಳಾಸವಿಲ್ಲ, ವಿಳಾಸವಿಲ್ಲದೆ ಪರವಾನಗಿಯಿಲ್ಲ, ಪರವಾನಗಿಯಿಲ್ಲದವನಿಗೆ ಒಳ್ಳೆಯ ಮಾಲೀಕ ಕೆಲಸ ಕೊಡುವುದಿಲ್ಲ. ಎಲ್ಲ ಸರಿಯಿದ್ದವರೂ ಕಾದಿದ್ದಾರೆ. 2024ರಲ್ಲಿ ಅಲ್ಲಿನ ವಲಸೆ ಇಲಾಖೆಯಲ್ಲಿ ಬಾಕಿಯಿದ್ದ ಅರ್ಜಿಗಳು ಸುಮಾರು 4 ಲಕ್ಷ.

ಇನ್ನು ಏಜೆಂಟನ 'ಪೇಪರ್ ತಾನಾಗಿ ಆಗುತ್ತದೆ'. ಈ ಮಾತು ಪೂರ್ತಿ ಸುಳ್ಳಲ್ಲ, ಹಳಸಿದ್ದು. ಒಂದು ಕಾಲಕ್ಕೆ ಪೋರ್ಚುಗಲ್‌ನಲ್ಲಿ ಪ್ರವಾಸಿಯಾಗಿ ಇಳಿದು, ಕೆಲಸ ಹಿಡಿದು, ಸಾಮಾಜಿಕ ಭದ್ರತೆಗೆ ದುಡ್ಡು ಕಟ್ಟುತ್ತ, ಅಲ್ಲಿಂದಲೇ ಅರ್ಜಿ ಹಾಕಿ ಸಕ್ರಮವಾಗುವ ದಾರಿ ಇತ್ತು. ಸಾವಿರಾರು ಭಾರತೀಯರು, ಬಾಂಗ್ಲಾದೇಶಿಗಳು, ನೇಪಾಳಿಗಳು ಹಾಗೇ ನೆಲೆ ಕಂಡರು. 2024ರ ಜೂನ್ ಮೊದಲ ವಾರದಲ್ಲಿ ಆ ದಾರಿ ಮುಚ್ಚಿತು. ಕೆಲಸ ಹುಡುಕಲಿಕ್ಕೆಂದೇ ಕೊಡುತ್ತಿದ್ದ ವೀಸಾವನ್ನು 2025ರ ಅಕ್ಟೋಬರಿನಲ್ಲಿ ಹೆಚ್ಚಿನ ಕೌಶಲದವರಿಗೆ ಮಾತ್ರ ಸೀಮಿತ ಮಾಡಿದರು. ನಮ್ಮ ತಾಲ್ಲೂಕಿನಲ್ಲಿ ಮಾತ್ರ ಮುಚ್ಚಿದ ಬಾಗಿಲಿನ ಟಿಕೆಟ್ ಇನ್ನೂ ಮಾರಾಟಕ್ಕಿದೆ. ಟುಕ್‌ಟುಕ್‌ನ ಕತೆಯೂ ಅಷ್ಟೆ. ಸ್ಥಳೀಯರ ರೋಸಿಗೆ ಮಣಿದು ಲಿಸ್ಬನ್ ನಗರಾಡಳಿತ 2025ರಲ್ಲಿ ಮುನ್ನೂರಕ್ಕೂ ಹೆಚ್ಚು ರಸ್ತೆಗಳಲ್ಲಿ ಅದನ್ನು ನಿಷೇಧಿಸಿತು.

ಗಾಳಿಯೂ ಬದಲಾಗಿದೆ. 2024ರ ಡಿಸೆಂಬರ್ 19ರಂದು, ವಲಸಿಗರ ಅಂಗಡಿಗಳೇ ಹೆಚ್ಚಿರುವ ಬೆನ್‌ಫೊರ್ಮೊಸೊ ಬೀದಿಯಲ್ಲಿ ಪೊಲೀಸರು ಹತ್ತಾರು ಜನರನ್ನು ಗೋಡೆಗೆ ಮುಖ ಮಾಡಿ, ಕೈಯೆತ್ತಿ ನಿಲ್ಲಿಸಿ ತಪಾಸಣೆ ಮಾಡಿದರು. ಆ ಫೋಟೊ ಲೋಕವೆಲ್ಲ ಸುತ್ತಿತು. ಮುಂದಿನ ಜನವರಿಯಲ್ಲಿ ಅದನ್ನು ವಿರೋಧಿಸಿ ಸಾವಿರಾರು ಜನ, ಪೋರ್ಚುಗೀಸರೂ ಸೇರಿ, ಮೆರವಣಿಗೆ ಮಾಡಿದರು. ಮೇ ತಿಂಗಳ ಚುನಾವಣೆಯಲ್ಲಿ ವಲಸೆ ವಿರೋಧಿ ಶೇಗಾ ಪಕ್ಷ 60 ಸ್ಥಾನ ಗೆದ್ದು ಎರಡನೆಯದಾಯಿತು. ಎರಡೂ ಒಂದೇ ದೇಶ.

ಒಂದು ವಿಷಯ ನನಗೆ ನಗು ತರಿಸುತ್ತದೆ. ಲಿಸ್ಬನ್ನಿನಲ್ಲಿ ಪ್ರವಾಸಿಗರು ಸಾಲುಗಟ್ಟುವ ಜೆರೊನಿಮೊಸ್ ಮಠ 1501ರಲ್ಲಿ ಶುರುವಾದದ್ದು, ಬಹುಪಾಲು ಸಂಬಾರ ವ್ಯಾಪಾರದ ಮೇಲಿನ ತೆರಿಗೆ ದುಡ್ಡಿನಲ್ಲಿ. ವಾಸ್ಕೋ ಡ ಗಾಮನ ಗೋರಿ ಇರುವುದೂ ಅಲ್ಲೇ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಅಂದರೆ ಅವರು ನಮ್ಮ ಕರಾವಳಿಗೆ ಬಂದಾಗ ಯಾವ ಏಜೆಂಟನಿಗೂ ಆರು ಲಕ್ಷ ಕೊಟ್ಟಿರಲಿಲ್ಲ. ಇರಲಿ, ಈ ಮಾತು ವೀಸಾ ಕೌಂಟರಿನಲ್ಲಿ ನಡೆಯುವುದಿಲ್ಲ.

ಇಷ್ಟೆಲ್ಲ ಹೇಳುವಾಗ ನನಗೇ ಮುಜುಗರವಾದ ಸಂಗತಿ ಇನ್ನೊಂದಿದೆ. ನಾವಿಬ್ಬರೂ ಮಾತಾಡುತ್ತಿದ್ದದ್ದೇ ಅಂಥದೊಂದು ಊರಿನಲ್ಲಿ. ಮಹಾಬಲೇಶ್ವರನ ರಥಬೀದಿಯ ಹಳೆಯ ಮನೆಗಳಲ್ಲಿ ಎಷ್ಟೋ ಈಗ ಹೋಮ್‌ಸ್ಟೇ. ಇಲ್ಲಿಗೆ ವರ್ಗವಾಗಿ ಬಂದ ನನ್ನ ಪರಿಚಯದ ಮೇಷ್ಟ್ರಿಗೆ ತಿಂಗಳ ಬಾಡಿಗೆಗೆ ರೂಮು ಸಿಗಲಿಲ್ಲ. ವೀಕೆಂಡಿಗೆ ಸಿಗುವ ದುಡ್ಡು ಬಿಟ್ಟು ಅವರಿಗೆ ಯಾರು ಕೊಡುತ್ತಾರೆ? ಅವರು ಕುಮಟಾದಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಾರೆ. ಕುಡ್ಲೆ, ಓಂ ಬೀಚುಗಳ ಅಡುಗೆಮನೆಗಳಲ್ಲಿ ಪಾತ್ರೆ ತೊಳೆಯುವವರು ನೇಪಾಳ, ಒಡಿಶಾ, ಅಸ್ಸಾಮಿನ ಹುಡುಗರು. ಎಲ್ಲಿ ಮಲಗುತ್ತಾರೆ? ಒಮ್ಮೆ ಹಿಂಬದಿಗೆ ಹೋಗಿ ನೋಡಿದೆ. ತಗಡಿನ ಮಾಡು, ಗ್ಯಾಸ್ ಸಿಲಿಂಡರ್, ಅದರ ಪಕ್ಕ ಸುತ್ತಿಟ್ಟ ಚಾಪೆಗಳು. ಎಲ್ಲಾದರೂ ಕಳ್ಳತನವಾದರೆ ಮೊದಲ ಅನುಮಾನ ಅವರ ಮೇಲೆ. ಹತ್ತು ವರ್ಷದಿಂದ ಈ ಭಾಗದ ಸುದ್ದಿ ಕಳಿಸುತ್ತಿದ್ದೇನೆ. 'ಹರಿದು ಬಂದ ಪ್ರವಾಸಿಗರ ದಂಡು' ಎಂದು ಪ್ರತಿ ಡಿಸೆಂಬರಿನಲ್ಲೂ ಬರೆದಿದ್ದೇನೆ. ಆ ಚಾಪೆಗಳ ಬಗ್ಗೆ ಒಂದು ಕಾಲಂ ಬರೆದಿಲ್ಲ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಭಾರತ-ಪೋರ್ಚುಗಲ್ ನಡುವೆ ಕೆಲಸಗಾರರ ನೇಮಕಾತಿಗೆ 2021ರಲ್ಲೇ ಒಪ್ಪಂದವಾಗಿದೆ. ಇಲ್ಲಿಂದಲೇ ಕೆಲಸದ ಕರಾರು, ಕೆಲಸದ ವೀಸಾ ಹಿಡಿದುಕೊಂಡು ಹೋಗುವ ದಾರಿ ಇದೆ, ನಿಧಾನವಾದರೂ ಇದೆ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಉಂಟು. ಅವರು ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಆರು ಲಕ್ಷ ಅಲ್ಲ. ನಿನ್ನವನ ಹೆಸರು ಆ ಪಟ್ಟಿಯಲ್ಲಿ ಇದೆಯಾ ನೋಡು. ಆಮೇಲೆ ಅವನಿಗೆ ಒಂದೇ ಪ್ರಶ್ನೆ ಕೇಳು: ನಾನು ಮಲಗುವ ಮನೆಯ ವಿಳಾಸ ಯಾವುದು, ಕರಾರು ಪತ್ರ ಯಾರ ಹೆಸರಿನಲ್ಲಿ?

ನಾವಿಬ್ಬರೂ ಕೂತು ಹುಡುಕಿದೆವು. ಪಟ್ಟಿಯಲ್ಲಿ ಹೆಸರಿರಲಿಲ್ಲ. ವಿಳಾಸದ ಪ್ರಶ್ನೆಯನ್ನು ಅವನು ವಾಟ್ಸ್ಆ್ಯಪಿನಲ್ಲಿ ಕಳಿಸಿದ. ಎರಡು ದಿನ ಬಿಟ್ಟು ಉತ್ತರ ಬಂತು, ನನಗೂ ಫಾರ್ವರ್ಡ್ ಮಾಡಿದ: "ರೂಮ್ ನೋ ಟೆನ್ಶನ್ ಬ್ರದರ್. ಸೋಮವಾರ ಅಡ್ವಾನ್ಸ್ ಕೊಡಿ, ಸೀಟು ಕಡಿಮೆ ಉಂಟು."

ಸೋಮವಾರ ಕಳೆದು ಹನ್ನೊಂದು ದಿನವಾಯಿತು. ನಿನ್ನೆ ಸ್ಟೇಷನ್ನಿನಲ್ಲಿ ಸಿಕ್ಕಿದ್ದ. ಬಂಗಾರ ಇನ್ನೂ ಮನೆಯಲ್ಲೇ ಇದೆ. ಏಜೆಂಟ್ ಈಗ ನಾಲ್ಕೂವರೆಗೆ ಇಳಿದಿದ್ದಾನಂತೆ.