ಓದುವ ದೀಪಕ್ಕೊಂದು ಸ್ವಿಚ್ಚು

ಮೇಜಿನ ದೀಪ ಆರಿಸಲು ಪ್ರತಿ ಸಲವೂ ಎದ್ದು ಗೋಡೆಯವರೆಗೆ ಹೋಗಬೇಕೆಂಬುದು ಓದುವ ಮಕ್ಕಳ ಹಳೆಯ ತಕರಾರು. ದೀಪದ ವಯರಿನಲ್ಲೇ, ಕೈಗೆಟುಕುವಲ್ಲಿ, ಪುಟ್ಟ ಸ್ವಿಚ್ಚೊಂದನ್ನು ಕೂರಿಸಿದರೆ ಅದು ತೀರುತ್ತದೆ. ಕೆಲಸ ಚಿಕ್ಕದು. ಆದರೆ ಕತ್ತರಿಸಬೇಕಾದ ತಂತಿ ಯಾವುದು ಎಂಬುದನ್ನು ಮಾತ್ರ ಸರಿಯಾಗಿ ತಿಳಿದಿರಬೇಕು.

ಎರಡು ತಂತಿಗಳಲ್ಲಿ ಯಾವುದನ್ನು ತುಂಡರಿಸಿದರೂ ದೀಪ ಆರುತ್ತದೆ. ಹಾಗಾಗಿ ತಪ್ಪು ಕಣ್ಣಿಗೆ ಕಾಣುವುದೇ ಇಲ್ಲ. 230 ವೋಲ್ಟ್ ಒತ್ತಡವಿರುವುದು ಫೇಸ್ ತಂತಿಯಲ್ಲಿ. ಸ್ವಿಚ್ಚು ನ್ಯೂಟ್ರಲ್ ತಂತಿಯಲ್ಲಿ ಕುಳಿತರೆ, ದೀಪ ಆರಿದರೂ ಹೋಲ್ಡರಿನಲ್ಲಿ ಆ ಒತ್ತಡ ಇದ್ದೇ ಇರುತ್ತದೆ. ಬಲ್ಬ್ ಬದಲಿಸಲು ಹೋದವರ ಬೆರಳು ತಾಗಿದರೆ ಶಾಕ್! ಆರಿಸಿದ ಮೇಲೂ ಎಲ್‌ಇಡಿ ಬಲ್ಬ್ ಮಿಣುಮಿಣು ಎನ್ನುತ್ತಿದ್ದರೆ ಮೊದಲು ಸಂಶಯಪಡಬೇಕಾದದ್ದು ಇದನ್ನೇ.

ಎರಡು ಪಿನ್ನಿನ ಪ್ಲಗ್ಗನ್ನು ತಿರುಗಿಸಿಯೂ ಹಾಕಬಹುದು. ಆಗ ಇಂದಿನ ಫೇಸ್ ನಾಳೆ ನ್ಯೂಟ್ರಲ್ ಆಗುತ್ತದೆ. ಆದ್ದರಿಂದ ಮೂರು ಪಿನ್ನಿನ ಪ್ಲಗ್ಗೇ ಬೇಕು. ದೀಪದ ಮೈ ಲೋಹದ್ದಾದರೆ ಅರ್ತ್ ತಂತಿಯೂ ಬೇಕು. ಗೋಡೆಯ ಸಾಕೆಟ್ಟಿನಲ್ಲಿ ಅರ್ತಿನ ದೊಡ್ಡ ತೂತು ಮೇಲಿದ್ದಾಗ ಫೇಸ್ ಬಲಗಡೆ ಇರಬೇಕು. ಟೆಸ್ಟರ್ ಅಲ್ಲೇ ಬೆಳಗಬೇಕು. ಎಷ್ಟೋ ಮನೆಗಳಲ್ಲಿ ಇದೇ ಅದಲುಬದಲಾಗಿರುತ್ತದೆ.

ಇನ್ನು ಕೆಲಸ. ಇದು ದೊಡ್ಡವರದು, ಮಕ್ಕಳು ಪಕ್ಕದಲ್ಲಿ ಕುಳಿತು ನೋಡಲಿ. ಗೋಡೆಯ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣೆದುರು ಇಟ್ಟುಕೊಳ್ಳಬೇಕು. ವಯರಿನ ಹೊರಕವಚವನ್ನು ಸ್ವಿಚ್ಚಿನ ಡಬ್ಬಿಯೊಳಗೆ ಮುಚ್ಚಿಹೋಗುವಷ್ಟು ಮಾತ್ರ ಬಿಡಿಸಬೇಕು. ಒಳಗೆ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಹಳೆಯ ವಯರಾದರೆ ಕೆಂಪು, ಕಪ್ಪು, ಹಸಿರು. ಎರಡೂ ಒಂದೇ ಬಣ್ಣವಾಗಿದ್ದರೆ ಊಹೆ ಬೇಡ, ಮಲ್ಟಿಮೀಟರ್ ಹಿಡಿದು ಪ್ಲಗ್ಗಿನ ಫೇಸ್ ಪಿನ್ನಿನಿಂದ ಹೊರಟ ತಂತಿ ಯಾವುದೆಂದು ಕಂಡುಕೊಳ್ಳಬೇಕು. ಅದೊಂದನ್ನೇ ಕತ್ತರಿಸುವುದು. ಉಳಿದವು ತುಂಡಾಗದೆ ಹಾಗೇ ಸಾಗಬೇಕು.

ತುದಿಗಳನ್ನು ಸುಲಿಯಲು ಹಲ್ಲು ಬಳಸುವ ಅಭ್ಯಾಸ ಬಿಡುವುದು ಒಳ್ಳೆಯದು. ಎಳೆಗಳು ತುಂಡಾಗುತ್ತವೆ, ಹಲ್ಲೂ ಕೆಡುತ್ತದೆ. ತಾಮ್ರದ ಎಳೆಗಳನ್ನು ಹೊಸೆದು, ಒಂದೂ ಹೊರಗುಳಿಯದಂತೆ ತಿರುಪಿನಡಿ ಬಿಗಿಯಬೇಕು. ವಯರನ್ನು ಹಿಡಿದಿಡುವ ಪಟ್ಟಿಯನ್ನು ಹೆಚ್ಚಿನವರು ಮರೆಯುತ್ತಾರೆ. ಅದಿಲ್ಲದಿದ್ದರೆ ಯಾರಾದರೂ ವಯರಿಗೆ ಎಡವಿದಾಗ ಎಳೆತವೆಲ್ಲ ತಿರುಪಿನ ಮೇಲೆ ಬೀಳುತ್ತದೆ. 60 ವಾಟ್ ಬಲ್ಬ್ ಎಳೆಯುವುದು ಕಾಲು ಆಂಪಿಯರಿಗಿಂತ ಸ್ವಲ್ಪ ಹೆಚ್ಚು. 2 ಆಂಪಿಯರಿನ ಸ್ವಿಚ್ಚು ಧಾರಾಳ ಸಾಕು. ಅದರಲ್ಲಿ ಐಎಸ್‌ಐ ಗುರುತಿದೆಯೇ ನೋಡಿ ಕೊಳ್ಳಬೇಕು.

ಪ್ಲಗ್ ಹಾಕುವ ಮೊದಲು ಬಲ್ಬ್ ತೆಗೆದು ಮತ್ತೊಮ್ಮೆ ಮಲ್ಟಿಮೀಟರ್: ಸ್ವಿಚ್ಚು ಆರಿಸಿದಾಗ ಫೇಸ್ ಪಿನ್ನಿಗೂ ಹೋಲ್ಡರಿಗೂ ಸಂಪರ್ಕ ಕಡಿಯಬೇಕು, ಹಾಕಿದಾಗ ಕೂಡಬೇಕು. ಬಳಸುವಾಗ ಸ್ವಿಚ್ಚು ಬಿಸಿಯೆನಿಸಿದರೆ ತಿರುಪು ಸಡಿಲವಾಗಿರಬಹುದು. ಪ್ಲಗ್ ಕಿತ್ತು ಬಿಚ್ಚಿ ನೋಡಬೇಕು.